ಸೊರಗಿದ ವ್ಯಾಪಾರ ಬೀದಿ: ಹೊಸಿಲಿನಿಂದ ಶುರುಮಾಡಿದೆವು

ಹಳೆಯ ವ್ಯಾಪಾರ ಬೀದಿಯೊಂದರ ಪುನರಭಿವೃದ್ಧಿ ಯೋಜನೆ ನನ್ನ ಕೈಗೆ ಬಂದಾಗ ಎಲ್ಲರೂ ಕೇಳಿದ್ದು ನಕ್ಷೆ ಯಾವಾಗ ಅಂತ. ನಾನು ಮೊದಲು ಮುಚ್ಚಿದ ಮಳಿಗೆಗಳ ಪಟ್ಟಿ ಮಾಡಿಸಿದೆ. ಪ್ರತಿ ಬೀಗಕ್ಕೂ ಒಂದು ಕಾರಣ ಇರುತ್ತದೆ, ಅಲ್ವಾ? ಕೆಲವು ಮಳಿಗೆ ಪಾಲಿನ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿದ್ದವು. ಇನ್ನು ಕೆಲವರು ಯೋಜನೆಯ ಸುದ್ದಿ ಕೇಳಿ, ಬೆಲೆ ಏರಲಿ ಅಂತ ಸುಮ್ನೆ ಮುಚ್ಚಿಟ್ಟಿದ್ದರು. ಇದಕ್ಕೆಲ್ಲ ಕಾರಂಜಿ, ಅಲಂಕಾರದ ದೀಪ ಏನು ಮಾಡೀತು?

ತೆರೆದಿದ್ದ ಅಂಗಡಿಗಳ ಕಷ್ಟ ಬೇರೆ. ಹಳೆ ಡಾಂಬರು ಕೆರೆಯದೆ ಮೇಲೆ ಮೇಲೆ ಹಾಕಿ ರಸ್ತೆ ಎತ್ತರವಾಗಿತ್ತು, ಹೊಸಿಲು ತಗ್ಗಾಗಿತ್ತು. ಮಳೆ ಬಂದರೆ ನೀರು ಒಳಗೆ. ತಡೆಯಲು ವ್ಯಾಪಾರಿಗಳು ಬಾಗಿಲಿಗೆ ಅಡ್ಡ ಇಟ್ಟಿಗೆ ಕಟ್ಟಿದ್ದರು. ಮಂಡಿನೋವಿನವರು ಅದನ್ನು ದಾಟಲಾಗದೆ ಹೊರಗೆ ನಿಂತೇ ಸಾಮಾನು ಕೇಳುತ್ತಿದ್ದರು. ಹಾಗಾಗಿ ಹೊಸಿಲಿನ ಮಟ್ಟ ಅಳೆದು, ಅದಕ್ಕೆ ತಕ್ಕಂತೆ ರಸ್ತೆ ತಗ್ಗಿಸಿದೆವು. ಮೊದಲ ಕಂತಿನ ದುಡ್ಡೆಲ್ಲ ಇದಕ್ಕೆ ಮತ್ತು ಚರಂಡಿಗೇ ಹೋಯಿತು. ಉದ್ಘಾಟನೆಯ ಫೋಟೋಗೆ ಒದಗದ ಕೆಲಸ!

ಕಾರು ನಿಲ್ಲಿಸುವ ಜಾಗ ಕಡಿಮೆ ಮಾಡುತ್ತೇವೆ ಅಂದಾಗ ಸಭೆಯಲ್ಲಿ ದೊಡ್ಡ ಗಲಾಟೆ. ಇಂಗ್ಲೆಂಡಿನ ಬ್ರಿಸ್ಟಲ್‌ ನಗರದಲ್ಲಿ 2006ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಗಿರಾಕಿಗಳಲ್ಲಿ ಶೇ 41ರಷ್ಟು ಜನ ಕಾರಲ್ಲಿ ಬರುತ್ತಾರೆ ಅಂತ ವ್ಯಾಪಾರಿಗಳು ಅಂದಾಜಿಸಿದ್ದರು. ನಿಜಕ್ಕೂ ಬರುತ್ತಿದ್ದವರು ಶೇ 22. ಇದನ್ನು ಹೇಳಿದರೆ ಯಾರೂ ಒಪ್ಪಲಿಲ್ಲ. ಸರಿ, ನಿಮ್ಮ ಗಿರಾಕಿಗಳನ್ನು ನೀವೇ ಕೇಳಿ ಅಂದೆ. ಸಂಘದವರೇ ಬಾಗಿಲಲ್ಲಿ ನಿಂತು ಬರೆದುಕೊಂಡರು. ನಡೆದು, ಬಸ್ಸಲ್ಲಿ ಬಂದವರೇ ಜಾಸ್ತಿ. ಆಮೇಲೆ ಪಾದಚಾರಿ ದಾರಿ ಅಗಲ ಮಾಡಲು ಯಾರೂ ಅಡ್ಡ ಬರಲಿಲ್ಲ. ವಾಹನ ಸಂಚಾರವನ್ನೇ ಪೂರ್ತಿ ಬಂದ್ ಮಾಡುವ ಸಲಹೆಯನ್ನು ಮಾತ್ರ ನಾನೇ ಬೇಡ ಅಂದೆ. ಷಿಕಾಗೋದವರು 1979ರಲ್ಲಿ ತಮ್ಮ ವ್ಯಾಪಾರ ಬೀದಿ ಸ್ಟೇಟ್ ಸ್ಟ್ರೀಟ್‌ಗೆ ಕಾರು ಬರದಂತೆ ಮಾಡಿ, 1996ರಲ್ಲಿ ಮತ್ತೆ ಬಿಡಬೇಕಾಯಿತು.

ಇಂಥ ಬೀದಿಗಳನ್ನು ಎಷ್ಟೋ ಸಲ ಕಾಮಗಾರಿಯೇ ಮುಗಿಸಿಬಿಡುತ್ತದೆ. ಒಂದು ತುಂಡು ಮುಚ್ಚದೆ ಮುಂದಿನದನ್ನು ಅಗೆಯುವಂತಿಲ್ಲ ಅಂತ ಟೆಂಡರ್‌ನಲ್ಲೇ ಷರತ್ತು ಹಾಕಿದೆವು. ಗುತ್ತಿಗೆದಾರರು ಗೊಣಗಿದರು. ಅಂಗಡಿಗಳು ಮಾತ್ರ ತೆರೆದೇ ಇದ್ದವು.

ಕೊನೆಗೆ ಉಳಿದದ್ದು ಬಾಡಿಗೆ. ಕಟ್ಟಡದ ಮುಂಭಾಗ ರಿಪೇರಿಗೆ ಅನುದಾನ ಬೇಕಾದರೆ ಕೆಲವು ವರ್ಷ ಬಾಡಿಗೆ ಏರಿಸಬಾರದು ಅಂತ ಕರಾರು ಮಾಡಿಸಿದೆವು. ಕೆಲವು ಮಾಲೀಕರು ಸಹಿ ಹಾಕದೆ ಅನುದಾನವನ್ನೇ ಬಿಟ್ಟರು. ಅವರ ಬಾಡಿಗೆದಾರರನ್ನು ಉಳಿಸಿಕೊಳ್ಳಲು ನಮ್ಮ ಹತ್ತಿರ ಬೇರೆ ದಾರಿ ಇರಲಿಲ್ಲ.