ಮಳೆಗಾಲದಲ್ಲಿ ಬಾಯಾರಿಸಿ, ಬೇಸಿಗೆಯಲ್ಲಿ ಕಿತ್ತ ನಿಂಬೆ

ಏಪ್ರಿಲ್‌ನಲ್ಲಿ ಕುಂಡದ ಗಿಡದಿಂದ ನಿಂಬೆಹಣ್ಣು ಕೀಳಬೇಕೆಂದರೆ ಸೆಪ್ಟೆಂಬರ್‌ನಲ್ಲಿ ಅದನ್ನು ಬಾಯಾರಿಸಬೇಕು. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಬೆಳೆಗಾರರಿಗೆ ಇದು ಹೊಸದೇನಲ್ಲ. ಮಳೆಗಾಲದ ಕೊನೆಗೆ ನೀರು ನಿಲ್ಲಿಸಿ ಹೂವು ಬರಿಸುವ ಹಸ್ತ ಬಹಾರ್ ಎಂದರೆ ಇದೇ. ಆದರೆ ಬೆಂಗಳೂರಿನಲ್ಲಿ ಮಳೆ ಜಡಿಯುವುದೂ ಆಗಲೇ. ಹಾಗಾಗಿ ನರ್ಸರಿಯವರೂ ತಾರಸಿ ತೋಟದ ಗೆಳೆಯರೂ ಹೇಳಿದ್ದು ಒಂದೇ ಮಾತು: “ಇಲ್ಲಿ ಆಗುವುದಿಲ್ಲ ಸಾರ್, ಕುಂಡದಲ್ಲಂತೂ ಗಿಡವೇ ಹೋಗುತ್ತದೆ.” ರಾಜಾಜಿನಗರದ ನಮ್ಮ ತಾರಸಿಯ ಮೇಲೆ, ಅರ್ಧ ಕತ್ತರಿಸಿದ ನೀಲಿ ಡ್ರಮ್ಮುಗಳಲ್ಲಿರುವ ಬಾಲಾಜಿ ತಳಿಯ ಗಿಡಗಳು ಈ ಬೇಸಿಗೆಯಲ್ಲಿ ತಲಾ 70–80 ಹಣ್ಣು ಕೊಟ್ಟಿವೆ. ಅನುಮಾನಪಟ್ಟವರೇ ಬಂದು ಚೀಲದಲ್ಲಿ ತುಂಬಿಕೊಂಡು ಹೋದರು.

ಹಠ ಹುಟ್ಟಿದ್ದು 2022ರ ಏಪ್ರಿಲ್‌ನಲ್ಲಿ, ಒಂದು ಹಣ್ಣಿಗೆ 10 ರೂಪಾಯಿ ತೆತ್ತಾಗ. ಆಗ ನನ್ನ ಗಿಡಗಳಲ್ಲಿ ಬರೀ ಎಲೆ. ಹಣ್ಣು ಬರುತ್ತಿದ್ದುದು ಮಳೆಗಾಲದಲ್ಲಿ, ಮಾರುಕಟ್ಟೆಯಲ್ಲಿ ನಿಂಬೆಯನ್ನು ಕೇಳುವವರೇ ಇಲ್ಲದಾಗ.

ಮೊದಲು ಪಾಲಿಕಾರ್ಬೊನೇಟ್ ಹಾಳೆಯ ಚಪ್ಪರ ಹಾಕಿಸಿದೆ. ಸುಮಾರು 6,000 ರೂಪಾಯಿ ಹೋಯಿತು. ಎರಚಲು ಮಳೆ ಪಕ್ಕದಿಂದ ನುಗ್ಗಿ ಮಣ್ಣನ್ನು ತೋಯಿಸಿತು. ಮರುವರ್ಷ ಕೂಲಿ ಕೊಟ್ಟು ಡ್ರಮ್ಮುಗಳನ್ನು ಮೆಟ್ಟಿಲ ಕೆಳಗೆ ಇಡಿಸಿದೆ. ಮಣ್ಣೇನೋ ಒಣಗಿತು, ಬಿಸಿಲಿಲ್ಲದೆ ಹೂವು ಬರಲಿಲ್ಲ. ಮಳೆ ತಪ್ಪಬೇಕಾದದ್ದು ಬೇರಿಗೆ ಮಾತ್ರ, ಎಲೆ ನೆನೆದರೆ ನೆನೆಯಲಿ ಎಂಬುದು ಹೊಳೆದ ಮೇಲೆ ದಾರಿ ಸಲೀಸಾಯಿತು. ಈಗ ಕಾಂಡದ ಬುಡಕ್ಕೆ ಲಂಗದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅಂಚನ್ನು ಡ್ರಮ್ಮಿನ ಹೊರಕ್ಕೆ ಇಳಿಬಿಡುತ್ತೇನೆ. ಒಂದು ಡ್ರಮ್ಮಿಗೆ ಐವತ್ತು ರೂಪಾಯಿಯೂ ಆಗುವುದಿಲ್ಲ. ಹಾಳೆ ಮಣ್ಣಿಗೆ ತಾಗಿಕೊಂಡಿದ್ದ ಒಂದು ಗಿಡದ ಬುಡದಲ್ಲಿ ಅಂಟು ಸೋರಿತು. ಅಲ್ಲಿಂದ ಬಿದಿರು ಕಡ್ಡಿಗಳ ಮೇಲೆ ಒಂದು ಗೇಣು ಎತ್ತರಿಸಿ ಕಟ್ಟುತ್ತಿದ್ದೇನೆ. ಕಾಂಡದ ಸುತ್ತ ನೀರು ಜಾರದಂತೆ ಬಿಗಿಯುವ ಬಗೆ ಮಾತ್ರ ನನ್ನಲ್ಲೇ ಇರಲಿ.

ಸವರುವ ಕೆಲಸ ಜೂನ್ ಮೊದಲ ವಾರದೊಳಗೆ, ಒಣಹವೆಯ ದಿನ ಮುಗಿಯಬೇಕು. ಒಣಕಡ್ಡಿ, ಒಳಮುಖದ ಕವಲು, ಕಸಿಗಂಟಿನ ಕೆಳಗಿನ ಚಿಗುರು, ನೆಟ್ಟಗೆ ಚಿಮ್ಮಿದ ದಪ್ಪ ಮುಳ್ಳಿನ ರೆಂಬೆ, ಇಷ್ಟೇ. ಗಾಯಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೊ ಮುಲಾಮು. ಆಗಸ್ಟ್‌ನಲ್ಲಿ ನಾನು ಕತ್ತರಿ ಮುಟ್ಟುವುದಿಲ್ಲ. ಆಗ ಹೊರಡುವ ಎಳೆ ಚಿಗುರೆಲ್ಲ ಎಲೆಯೊಳಗೆ ಸುರಂಗ ಕೊರೆಯುವ ರಂಗೋಲಿ ಹುಳುವಿನ ಪಾಲು, ಹಿಂದೆಯೇ ಕಜ್ಜಿ ರೋಗ.

ಸೆಪ್ಟೆಂಬರ್ ಮೊದಲ ವಾರ ಲಂಗ ಕಟ್ಟಿ ನೀರು ನಿಲ್ಲಿಸುತ್ತೇನೆ. ಹೊಲದ ಮರಕ್ಕೆ ತಿಂಗಳು ಬೇಕಾದರೆ ಡ್ರಮ್ಮಿಗೆ ಎರಡು ವಾರದ ಆಸುಪಾಸು ಸಾಕು. ಎಲೆ ಮುದುಡಿ, ಬೆಳಗ್ಗೆಯೂ ಬಿಚ್ಚಿಕೊಳ್ಳದೆ, ಕಾಲುಭಾಗ ಉದುರಿತೆಂದರೆ ಅದೇ ಗಡಿ. ಅಲ್ಲಿಂದಾಚೆ ಕಾದರೆ ಕಡ್ಡಿಯೇ ಒಣಗುತ್ತದೆ. ಗಡಿ ಮುಟ್ಟಿದೊಡನೆ ಮತ್ತೆ ನೀರು: ಮೊದಲ ದಿನ ಒಂದೆರಡು ಲೀಟರ್, ಮರುದಿನ ಅದರ ದುಪ್ಪಟ್ಟು, ಮೂರನೆಯ ದಿನ ಬೇವಿನ ಹಿಂಡಿ, ಎರೆಗೊಬ್ಬರ ಕೊಟ್ಟು ತಳದಿಂದ ಹೊರಬರುವಷ್ಟು ನೀರು. ಆ ಮೊದಲ ನೀರಿನಲ್ಲಿ ಕರಗಿಸುವುದು ಇನ್ನೊಂದಿದೆ, ಅದನ್ನು ಬರೆಯುವುದಿಲ್ಲ. ಅಕ್ಟೋಬರ್‌ನಲ್ಲಿ ರೆಂಬೆ ತುಂಬ ಹೂವು.

ಒಂದು ಗಿಡಕ್ಕೆ ಮಾತ್ರ ಪೊಟ್ಯಾಸಿಯಂ ನೈಟ್ರೇಟ್ ಅನ್ನು ಲೀಟರಿಗೆ 10 ಗ್ರಾಂನಂತೆ ಸಿಂಪಡಿಸಿ ನೋಡಿದೆ. ಹೂವು ವಾರ ಮುಂಚೆ ಬಂತು, ಹಣ್ಣಿನ ಲೆಕ್ಕ ಹೆಚ್ಚಲಿಲ್ಲ.

ಫೆಬ್ರುವರಿಯಿಂದ ಹಣ್ಣು ಕೀಳುವವರೆಗೆ ಮಣ್ಣು ಒಣಗಲೇಬಾರದು, ಕಾಯಿ ಉದುರುತ್ತದೆ. 2024ರ ಮಾರ್ಚ್‌ನಲ್ಲಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನೇ ಹಿಡಿದಿಟ್ಟೆ, ಗಿಡಗಳು ಉಳಿದವು. ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಒಂದು ಡ್ರಮ್ಮಿಗೆ ಹಾಕಿ ನೋಡಿದ್ದೆ. ಲವಣ ಕೂತು ಎಲೆಯ ಅಂಚು ಸುಟ್ಟಿತು. ಅದನ್ನು ಈಗ ನೆಲ ಒರೆಸಲು ಬಳಸುತ್ತಿದ್ದೇವೆ.