ಕಮಾಂಡ್‌ಗೆ ಮ್ಯಾನ್ ಪೇಜ್ ಬರೆಯುವುದು ಹೇಗೆ? ಸಾಲುಗಳು ಮಾಯವಾಗದಂತೆ ಕಾಯುವುದು ಹೇಗೆ?

ಪ್ರೋಗ್ರಾಮಿಂಗ್ ಭಾಷೆಯ ಹೊಸ ಕಮಾಂಡ್ ಒಂದಕ್ಕೆ ಮ್ಯಾನ್ ಪೇಜ್ (ಟರ್ಮಿನಲ್‌ನಲ್ಲೇ ತೆರೆದು ಓದುವ ಕೈಪಿಡಿಯ ಪುಟ) ಬೇಕೆಂದಾಗ ಹೆಚ್ಚಿನವರು ಹಳೆಯ ಪುಟವೊಂದನ್ನು ನಕಲು ಮಾಡಿ, ಹೆಸರು ಬದಲಿಸಿ, ನಡುವೆ ವಿವರಣೆ ತುಂಬಿ ಕಮಿಟ್ ಮಾಡಿಬಿಡುತ್ತಾರೆ. ಪುಟ ತೆರೆದುಕೊಳ್ಳುತ್ತದೆ, ಎರರ್ ಏನೂ ಬರುವುದಿಲ್ಲ. ಆದರೆ ಉದಾಹರಣೆಯ ಒಂದು ಸಾಲು ನಾಪತ್ತೆಯಾಗಿರುತ್ತದೆ, ಇನ್ನೊಂದು ಅರ್ಧಕ್ಕೇ ಕಡಿದಿರುತ್ತದೆ. ಆಪ್ಷನ್ ಅನ್ನು ಪುಟದಿಂದಲೇ ನಕಲು ಮಾಡಿ ಅಂಟಿಸಿದವರಿಗೆ ‘ಇಂಥ ಆಪ್ಷನ್ ಇಲ್ಲ’ ಎಂಬ ಉತ್ತರ ಸಿಗುತ್ತದೆ. ಮ್ಯಾನ್ ಪೇಜನ್ನು ಮನುಷ್ಯರಿಗಿಂತ ಮೊದಲು ಓದುವುದು ರಾಫ್ ಎಂಬ ಫಾರ್ಮ್ಯಾಟರ್. ತನಗೆ ಅರ್ಥವಾಗದ್ದನ್ನು ಅದು ಸದ್ದಿಲ್ಲದೆ ನುಂಗಿಬಿಡುತ್ತದೆ. ಹಾಗಾಗಿ ಸೋರ್ಸ್ ಫೈಲ್ ಚೆನ್ನಾಗಿ ಕಂಡರೆ ಸಾಲದು, ಹೊರಬಂದ ಪುಟವನ್ನೇ ಸಾಲು ಸಾಲಾಗಿ ನೋಡಬೇಕು.

ಉದಾಹರಣೆಗೆ ಇಲ್ಲಿ ಟಿಸಿಎಲ್ ಭಾಷೆಯನ್ನು ತೆಗೆದುಕೊಂಡಿದೆ. ಅಲ್ಲಿ ಪ್ರತಿ ಕಮಾಂಡ್‌ಗೂ ಪ್ರತ್ಯೇಕ ಪುಟವಿದೆ. ಜೊತೆಗೆ ಅದರ ಕೋಡ್‌ನಲ್ಲಿ ರಾಫ್‌ಗೆ ಗೊಂದಲ ಹುಟ್ಟಿಸುವ ಚುಕ್ಕಿ, ಬ್ಯಾಕ್‌ಸ್ಲ್ಯಾಶ್, ಹೈಫನ್ ಎಲ್ಲವೂ ಧಾರಾಳವಾಗಿ ಬರುತ್ತವೆ. ಮ್ಯಾಕ್ರೊ (ಸಾಲಿನ ಮೊದಲಿಗೆ ಚುಕ್ಕಿಯೊಂದಿಗೆ ಬರೆಯುವ ರಾಫ್ ಸೂಚನೆ) ಮತ್ತು ಕಮಾಂಡ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಫೈಲಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. .ಟಿಎಚ್, .ಎಸ್‌ಎಚ್‌ನಂಥ ಮ್ಯಾಕ್ರೊಗಳಿಗೆ ದೊಡ್ಡಕ್ಷರ ಬೇಕು.

ಹಂತ 1: ಮ್ಯಾಕ್ರೊ ಕಟ್ಟು ಆರಿಸಿ

ಬಳಕೆಯಲ್ಲಿರುವುದು ಎರಡು: 1979ರ ಯುನಿಕ್ಸ್ ಏಳನೇ ಆವೃತ್ತಿಯೊಂದಿಗೆ ಬಂದ ‘ಮ್ಯಾನ್’, ಬಿಎಸ್‌ಡಿ ಬಳಗದ ‘ಎಂಡಾಕ್’. ಎಂಡಾಕ್‌ನಲ್ಲಿ ‘ಇದು ಆಪ್ಷನ್’, ‘ಇದು ಆರ್ಗ್ಯುಮೆಂಟ್’ ಎಂದು ಅರ್ಥವನ್ನೇ ಗುರುತು ಮಾಡಬಹುದು. ಶೆಲ್‌ನಿಂದ ಓಡಿಸುವ ಕಮಾಂಡ್‌ಗಳಿಗೆ ಅದು ಬಹಳ ಒಳ್ಳೆಯದು. ಆದರೆ ಬೇಕಾದರೆ ಮಾತ್ರ ಕೊಡುವ ಆರ್ಗ್ಯುಮೆಂಟನ್ನು ಎರಡು ಪ್ರಶ್ನಾರ್ಥಕ ಚಿಹ್ನೆಗಳ ನಡುವೆ ಬರೆಯುವ ಟಿಸಿಎಲ್‌ನಂಥ ಭಾಷೆಗೆ ಅದು ಒಗ್ಗುವುದಿಲ್ಲ. ಭಾಷೆಯ ಒಳಗಿನ ಕಮಾಂಡ್‌ಗಳಿಗೆ ಮ್ಯಾನ್ ಮ್ಯಾಕ್ರೊಗಳನ್ನೇ ಬಳಸಿ. ಒಂದೇ ಫೈಲಿನಲ್ಲಿ ಎರಡನ್ನೂ ಬೆರೆಸಲೇಬೇಡಿ.

ಅಡ್ಡದಾರಿಗಳ ಬಗ್ಗೆ ಇಲ್ಲೇ ಒಂದು ಮಾತು. ಹೆಲ್ಪ್‌ಟುಮ್ಯಾನ್ ಎಂಬ ಸಾಧನ ಪ್ರೋಗ್ರಾಮ್‌ನ ‘ಹೆಲ್ಪ್’ ಔಟ್‌ಪುಟ್‌ನಿಂದ ಪುಟ ತಯಾರಿಸುತ್ತದೆ. ಹೆಲ್ಪ್ ಆಪ್ಷನ್ನೇ ಇಲ್ಲದ ಭಾಷಾ ಕಮಾಂಡ್‌ಗಳಿಗೆ ಅದರಿಂದ ಪ್ರಯೋಜನವಿಲ್ಲ. ಪರ್ಲ್ ಬಳಗದಂತೆ ಪಾಡ್ ಎಂಬ ಸರಳ ಬರವಣಿಗೆ ರೂಪದಲ್ಲಿ ಬರೆದು ಪಾಡ್‌ಟುಮ್ಯಾನ್‌ನಿಂದ ಪರಿವರ್ತಿಸುವುದು ಒಳ್ಳೆಯ ದಾರಿ, ಇಡೀ ಯೋಜನೆ ಅದಕ್ಕೇ ಅಂಟಿಕೊಂಡಿದ್ದರೆ ಮಾತ್ರ. ಪರಿವರ್ತಕದಿಂದ ಹೊರಬಂದ ರಾಫ್ ಫೈಲನ್ನು ಕೈಯಿಂದ ತಿದ್ದಬೇಡಿ. ಮುಂದಿನ ಬಿಲ್ಡ್‌ನಲ್ಲಿ ಆ ತಿದ್ದುಪಡಿ ಅಳಿಸಿಹೋಗುತ್ತದೆ. ವರ್ಡ್ ಪ್ರೊಸೆಸರ್‌ನಲ್ಲಿ ಬರೆದು ಅಂಟಿಸುವುದಂತೂ ಬೇಡವೇ ಬೇಡ. ಅದು ತಾನಾಗಿಯೇ ಹಾಕುವ ಬಾಗಿದ ಉದ್ಧರಣ ಚಿಹ್ನೆ, ಉದ್ದನೆಯ ಡ್ಯಾಶ್‌ಗಳನ್ನು ಹುಡುಕಿ ತೆಗೆಯುವುದರಲ್ಲೇ ದಿನ ಕಳೆಯುತ್ತದೆ.

ಹಂತ 2: ತಲೆಸಾಲು

ಮೊದಲ ಮ್ಯಾಕ್ರೊ .ಟಿಎಚ್. ಕಮಾಂಡ್ ಹೆಸರು, ಸೆಕ್ಷನ್, ದಿನಾಂಕ, ಆವೃತ್ತಿ, ಕೈಪಿಡಿಯ ಹೆಸರು ಎಂಬ ಕ್ರಮದಲ್ಲಿ ಐದು ಆರ್ಗ್ಯುಮೆಂಟ್‌ಗಳು. ದಿನಾಂಕವನ್ನು ವರ್ಷ-ತಿಂಗಳು-ದಿನ ಎಂದೇ ಬರೆಯಿರಿ. ಟಿಸಿಎಲ್ ತಂಡ ಮೂರನೇ ಜಾಗದಲ್ಲಿ ದಿನಾಂಕದ ಬದಲು ಆವೃತ್ತಿ ಸಂಖ್ಯೆ ಇಡುತ್ತದೆ. ನಿಮ್ಮ ಯೋಜನೆಯ ರೂಢಿ ಏನಿದೆಯೋ ಅದನ್ನೇ ಹಿಡಿಯಿರಿ. ಸೆಕ್ಷನ್ 1 ಬಳಕೆದಾರರ ಕಮಾಂಡ್‌ಗಳಿಗೆ, 3 ಲೈಬ್ರರಿ ಫಂಕ್ಷನ್‌ಗಳಿಗೆ. ಟಿಸಿಎಲ್‌ನ ಒಳಗಿನ ಕಮಾಂಡ್‌ಗಳು ‘ಎನ್’ ಎಂಬ ಬೇರೆಯೇ ಸೆಕ್ಷನ್‌ನಲ್ಲಿವೆ. ಓಪನ್, ಸಾಕೆಟ್, ಎಕ್ಸಿಟ್ ಎಂಬ ಹೆಸರುಗಳು ಸಿಸ್ಟಮ್ ಪುಟಗಳಲ್ಲೂ ಇರುವುದರಿಂದ ಈ ಬೇರ್ಪಡೆ ಅಗತ್ಯ. ಫೈಲಿನ ಕೊನೆಯ ಪ್ರತ್ಯಯವೂ ತಲೆಸಾಲಿನ ಸೆಕ್ಷನ್ನೂ ಒಂದೇ ಆಗಿರಲಿ.

ಹಂತ 3: ‘ನೇಮ್’ ವಿಭಾಗ

.ಎಸ್‌ಎಚ್ ನೇಮ್ ಎಂದು ಬರೆದು, ಅದರ ಕೆಳಗೆ ಒಂದೇ ಒಂದು ಸಾಲು: ಕಮಾಂಡ್ ಹೆಸರು, ಸ್ಪೇಸ್, \-, ಸ್ಪೇಸ್, ಚುಟುಕು ವಿವರಣೆ. ಹೆಸರುಗಳು ಹಲವಿದ್ದರೆ ನಡುವೆ ಕಾಮಾ. ಬೋಲ್ಡ್ ಇಟಾಲಿಕ್ ಯಾವುದೂ ಬೇಡ. ಈ ಸಾಲನ್ನು ಮ್ಯಾನ್‌ಡಿಬಿ ಎಂಬ ಸೂಚಿ ತಯಾರಿಸುವ ಪ್ರೋಗ್ರಾಮ್ ಓದುತ್ತದೆ. ಸಾಲು ಅದು ನಿರೀಕ್ಷಿಸುವ ರೂಪದಲ್ಲಿ ಇಲ್ಲದಿದ್ದರೆ ಪುಟ ತೆರೆಯುತ್ತದೆ, ಆದರೆ ‘ಅಪ್ರೊಪೊಸ್’ ಹುಡುಕಾಟದಲ್ಲಿ ಸಿಗುವುದಿಲ್ಲ. ಟಿಸಿಎಲ್‌ನಲ್ಲಿ ಪುಟಗಳನ್ನು ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್ ಕೂಡ ಇದೇ ಸಾಲಿನ ಹೆಸರುಗಳನ್ನು ನೋಡಿ ಲಿಂಕ್‌ಗಳನ್ನು ಮಾಡುತ್ತದೆ. ಸಾಲು ಸರಿಯಿದೆಯೇ ಎಂದು ತಿಳಿಯಲು ಲೆಕ್ಸ್‌ಗ್ರಾಗ್ ಎಂಬ ಪುಟ್ಟ ಸಾಧನಕ್ಕೆ ಫೈಲನ್ನು ಕೊಟ್ಟರೆ ಸಾಕು.

ಹಂತ 4: ಸಿನಾಪ್ಸಿಸ್ ಮತ್ತು ಫಾಂಟ್

ಸಿನಾಪ್ಸಿಸ್ ಎಂದರೆ ಕಮಾಂಡನ್ನು ಬರೆಯುವ ಮಾದರಿ ಸಾಲು. ಅದರಲ್ಲಿ ಇದ್ದಂತೆಯೇ ಹೊಡೆಯಬೇಕಾದ ಪದ ಬೋಲ್ಡ್, ಬಳಕೆದಾರ ತುಂಬಬೇಕಾದ್ದು ಇಟಾಲಿಕ್, ಉಳಿದ ಚಿಹ್ನೆಗಳು ಸಾದಾ. ಸಾಲಿನ ನಡುವೆ \ಎಫ್‌ಬಿ, \ಎಫ್‌ಐ, \ಎಫ್‌ಆರ್ ಬಳಸಿ. ಎಫ್ ಸಣ್ಣಕ್ಷರ, ಅದರ ಮುಂದಿನದು ದೊಡ್ಡಕ್ಷರ. ‘ಹಿಂದಿನ ಫಾಂಟ್‌ಗೆ ಮರಳು’ ಎನ್ನುವ \ಎಫ್‌ಪಿಯನ್ನು ನಂಬಬೇಡಿ. ಅದಕ್ಕೆ ನೆನಪಿರುವುದು ಒಂದೇ ಹೆಜ್ಜೆ. ಬೋಲ್ಡ್‌ನೊಳಗೆ ಇಟಾಲಿಕ್ ತೆರೆದು ಎರಡು ಬಾರಿ \ಎಫ್‌ಪಿ ಹಾಕಿದರೆ ಸಾದಾ ಫಾಂಟ್‌ಗೆ ಬರುವುದಿಲ್ಲ, ಮತ್ತೆ ಇಟಾಲಿಕ್‌ಗೆ ಹೋಗುತ್ತದೆ. ಮುಂದಿನ ಪ್ಯಾರಾದ ಆರಂಭದವರೆಗೂ ಎಲ್ಲವೂ ಓರೆಯಾಗಿ ಕಾಣುತ್ತದೆ. \ಎಫ್‌ಆರ್ ಎಂದು ಸ್ಪಷ್ಟವಾಗಿ ಬರೆಯಿರಿ.

.ಬಿ ಮ್ಯಾಕ್ರೊ ಬಳಸುವಾಗ ಇನ್ನೊಂದು ಗಮನ ಬೇಕು. ಆರ್ಗ್ಯುಮೆಂಟ್ ಶುರುವಿನ ಉದ್ಧರಣ ಚಿಹ್ನೆಯನ್ನು ರಾಫ್ ತನ್ನದೆಂದು ತಿಳಿದು ತೆಗೆದುಹಾಕುತ್ತದೆ. ಚಿಹ್ನೆ ಪುಟದಲ್ಲಿ ಕಾಣಲೇಬೇಕಿದ್ದರೆ \(ಡಿಕ್ಯೂ ಎಂದು ಬರೆಯಬೇಕು.

ಹಂತ 5: ವಿವರಣೆ

ಕಮಾಂಡ್ ಏನು ಮಾಡುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಏನನ್ನು ಹಿಂದಿರುಗಿಸುತ್ತದೆ ಎಂಬುದನ್ನು ಮರೆಯುತ್ತಾರೆ. ‘ಸ್ಟ್ರಿಂಗ್ ಫಸ್ಟ್’ ಹುಡುಕಿದ್ದು ಸಿಗದಿದ್ದರೆ -1 ಕೊಡುತ್ತದೆ. ‘ಸ್ಟ್ರಿಂಗ್ ರೇಂಜ್’ ಕೊನೆಯ ಸ್ಥಾನದ ಅಕ್ಷರವನ್ನೂ ಸೇರಿಸಿಕೊಳ್ಳುತ್ತದೆ. ಎಣಿಕೆ ಶುರುವಾಗುವುದು ಸೊನ್ನೆಯಿಂದ. ಓದುಗ ಮ್ಯಾನ್ ಪೇಜ್ ತೆರೆಯುವುದೇ ಇಂಥ ಸಂಗತಿಗಾಗಿ. ಪ್ರತಿ ಉಪಕಮಾಂಡ್‌ಗೂ ಒಂದು .ಟಿಪಿ (ಶೀರ್ಷಿಕೆ ಮತ್ತು ಅದರ ವಿವರಣೆಯನ್ನು ಜೋಡಿಸುವ ಮ್ಯಾಕ್ರೊ), ಅಕಾರಾದಿಯಲ್ಲಿ. ಪ್ರತಿಯೊಂದರಲ್ಲೂ ಹಿಂದಿರುಗಿಸುವ ಮೌಲ್ಯ, ಖಾಲಿ ಇನ್‌ಪುಟ್ ಕೊಟ್ಟರೆ ಆಗುವುದೇನು, ಎರರ್ ಬರುವುದು ಯಾವಾಗ ಎಂಬ ಮೂರೂ ಇರಲಿ.

ಪ್ರತಿ ವಾಕ್ಯವನ್ನೂ ಹೊಸ ಸಾಲಿನಿಂದ ಆರಂಭಿಸಿ. ವಾಕ್ಯಗಳ ನಡುವಿನ ಅಂತರವನ್ನು ರಾಫ್ ಸಾಲಿನ ಕೊನೆಯ ಪೂರ್ಣವಿರಾಮ ನೋಡಿ ನಿರ್ಧರಿಸುತ್ತದೆ. ಮುಂದೆ ಒಂದು ವಾಕ್ಯ ತಿದ್ದಿದಾಗ ಡಿಫ್‌ನಲ್ಲೂ ಆ ಒಂದು ಸಾಲೇ ಕಾಣುತ್ತದೆ. ಸಂಕ್ಷೇಪದ ಚುಕ್ಕಿ ಸಾಲಿನ ಕೊನೆಗೆ ಬಿದ್ದರೆ ಅದರ ಪಕ್ಕದಲ್ಲಿ \& ಹಾಕಿ, ಇಲ್ಲವಾದರೆ ರಾಫ್ ಅಲ್ಲಿಗೆ ವಾಕ್ಯ ಮುಗಿಯಿತೆಂದುಕೊಳ್ಳುತ್ತದೆ. ಸೋರ್ಸ್‌ನಲ್ಲಿ ಖಾಲಿ ಸಾಲು ಬಿಡಬೇಡಿ, ಪ್ಯಾರಾಗೆ .ಪಿಪಿ ಇದೆ.

ಹಂತ 6: ಉದಾಹರಣೆಯ ಕೋಡ್. ಹೆಚ್ಚಿನವರು ಎಡವುವುದು ಇಲ್ಲೇ

ಕೋಡ್ ತುಣುಕಿಗೆ .ಇಎಕ್ಸ್ ಮತ್ತು .ಇಇ ಜೋಡಿ ಇದೆ, ಟಿಸಿಎಲ್ ಪುಟಗಳಲ್ಲಿ .ಸಿಎಸ್ ಮತ್ತು .ಸಿಇ. ಈ ಜೋಡಿಯೊಳಗೆ ಇಟ್ಟದ್ದೆಲ್ಲ ಇದ್ದಂತೆಯೇ ಕಾಣುತ್ತದೆ ಎಂಬುದು ತಪ್ಪು ತಿಳಿವಳಿಕೆ. ಇವು ಸಾಲುಗಳನ್ನು ಒಂದಕ್ಕೊಂದು ಕೂಡಿಸುವುದನ್ನು ಮಾತ್ರ ನಿಲ್ಲಿಸುತ್ತವೆ. ಬ್ಯಾಕ್‌ಸ್ಲ್ಯಾಶ್‌ಗೆ, ಸಾಲಿನ ಮೊದಲ ಚುಕ್ಕಿಗೆ ಇರುವ ವಿಶೇಷ ಅರ್ಥ ಒಳಗೂ ಹಾಗೆಯೇ ಉಳಿದಿರುತ್ತದೆ.

ಬ್ಯಾಕ್‌ಸ್ಲ್ಯಾಶ್‌ನಿಂದ ಆಗುವ ಅನಾಹುತ ನೋಡಿ. ಸೋರ್ಸ್‌ನಲ್ಲಿ ಹೀಗಿದೆ ಎನ್ನೋಣ:

ಪುಟ್ಸ್ "ಎ\ಎನ್‌ಬಿ"

ಟಿಸಿಎಲ್‌ಗೆ ಇಲ್ಲಿ \ಎನ್ ಎಂದರೆ ಹೊಸ ಸಾಲು. ರಾಫ್‌ಗೆ ಅದು ‘ಮುಂದಿನ ಅಕ್ಷರದ ಹೆಸರಿನ ರಿಜಿಸ್ಟರ್‌ನಲ್ಲಿರುವ ಸಂಖ್ಯೆಯನ್ನು ಇಲ್ಲಿ ಹಾಕು’ ಎಂಬ ಆಜ್ಞೆ. ‘ಬಿ’ ಎಂಬ ರಿಜಿಸ್ಟರ್ ಇಲ್ಲದ ಕಾರಣ ಸೊನ್ನೆ ಬರುತ್ತದೆ. ಓದುಗನಿಗೆ ಕಾಣುವುದು:

ಪುಟ್ಸ್ "ಎ0"

ಇನ್ನೊಂದು ಸಾಲು:

ಪುಟ್ಸ್ "ಅವಳು \"ಬಾ\" ಎಂದಳು"

ರಾಫ್‌ಗೆ \" ಎಂದರೆ ಕಾಮೆಂಟ್‌ನ ಆರಂಭ. ‘ಅವಳು’ ಎಂಬಲ್ಲಿಗೆ ಸಾಲು ಮುಗಿದುಹೋಗುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳ ಸ್ಥಿತಿ ಇನ್ನೂ ಕಷ್ಟ: ರಾಫ್‌ನಲ್ಲಿ \ಡಿ ಕೆಳಗೆ ಸರಿಯುವ ಆಜ್ಞೆ, \ಎಸ್ ಅಕ್ಷರದ ಗಾತ್ರ ಬದಲಿಸುವುದು, \ಡಬ್ಲ್ಯು ಅಗಲ ಅಳೆಯುವುದು. ಅಂಕಿಗಳನ್ನು ಹುಡುಕಲು ಬರೆದ \ಡಿ+ ಪುಟದಲ್ಲಿ ಬರೀ + ಆಗಿ ಉಳಿಯುತ್ತದೆ. ಪರಿಹಾರ ಒಂದೇ: ಕೋಡ್‌ನ ಪ್ರತಿ ಬ್ಯಾಕ್‌ಸ್ಲ್ಯಾಶ್‌ನ ಮುಂದೆ ಸಣ್ಣಕ್ಷರದ ‘ಇ’ ಸೇರಿಸಿ \ಇ ಮಾಡಬೇಕು.

ಚುಕ್ಕಿಯ ಸಮಸ್ಯೆ ಟಿಕೆ (ಟಿಸಿಎಲ್‌ನಲ್ಲಿ ಕಿಟಕಿ, ಬಟನ್‌ನಂಥ ವಿಜೆಟ್‌ಗಳನ್ನು ಮಾಡುವ ಲೈಬ್ರರಿ) ಬಳಸುವವರಿಗೆ ಹೆಚ್ಚು. ಅಲ್ಲಿ ಪ್ರತಿ ವಿಜೆಟ್‌ನ ಹೆಸರೂ ಚುಕ್ಕಿಯಿಂದಲೇ ಶುರುವಾಗುತ್ತದೆ. ಬಟನ್ ಒಂದಕ್ಕೆ ಸಣ್ಣಕ್ಷರದಲ್ಲಿ .ಬಿ ಎಂದು ಹೆಸರಿಟ್ಟು ‘.ಬಿ ಕಾನ್ಫಿಗರ್’ ಎಂದು ಸಾಲು ಆರಂಭಿಸಿದರೆ, ಅದು ತನಗೆ ಗೊತ್ತಿಲ್ಲದ ಮ್ಯಾಕ್ರೊ ಎಂದು ರಾಫ್ ಇಡೀ ಸಾಲನ್ನು ಬಿಟ್ಟುಬಿಡುತ್ತದೆ. ವಿಜೆಟ್‌ನ ಹೆಸರು ಸಣ್ಣಕ್ಷರದ .ಇಎಕ್ಸ್ ಆಗಿದ್ದರೆ ಇನ್ನೂ ದೊಡ್ಡ ನಷ್ಟ. ಅದು ಮ್ಯಾಕ್ರೊ ಅಲ್ಲ, ‘ಇಲ್ಲಿಗೆ ನಿಲ್ಲಿಸು’ ಎಂಬ ರಾಫ್ ಆಜ್ಞೆ. ಅಲ್ಲಿಂದ ಮುಂದಿನ ಪುಟವೆಲ್ಲ ಹೋಗುತ್ತದೆ. ಸಾಲಿನ ಮೊದಲಿಗೆ ಒಂಟಿ ಉದ್ಧರಣ ಚಿಹ್ನೆ ಬಂದರೂ ಇದೇ ಕಥೆ. ಎರಡಕ್ಕೂ ಮದ್ದು \&. ಅದಕ್ಕೆ ಅಗಲವಿಲ್ಲ, ಪುಟದಲ್ಲಿ ಕಾಣುವುದಿಲ್ಲ, ಚುಕ್ಕಿಯನ್ನು ಸಾಲಿನ ಮೊದಲ ಸ್ಥಾನದಿಂದ ಪಕ್ಕಕ್ಕೆ ಸರಿಸುತ್ತದೆ ಅಷ್ಟೇ.

ಇನ್ನು ಹೈಫನ್. ರಾಫ್‌ನಲ್ಲಿ ಬರೀ - ಎಂದರೆ ಪದ ಜೋಡಿಸುವ ಹೈಫನ್. ಯೂನಿಕೋಡ್ ಟರ್ಮಿನಲ್‌ನಲ್ಲಿ ಅದು ಕೀಬೋರ್ಡ್‌ನ ಹೈಫನ್ ಆಗಿ ಉಳಿಯದೆ ಬೇರೊಂದು ಅಕ್ಷರವಾಗಬಹುದು. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ‘-ನೋಕೇಸ್’ ಎಂದು ಪುಟದೊಳಗೆ ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿ ಓಡಿಸಿದರೆ ಎರರ್. ಕಮಾಂಡ್‌ನಲ್ಲಿ ಹೊಡೆಯಬೇಕಾದ ಪ್ರತಿ ಹೈಫನ್ನೂ \- ಆಗಿರಲಿ. ‘ನನ್ನ ಯಂತ್ರದಲ್ಲಿ ಸರಿಯಾಗಿಯೇ ಇದೆ’ ಎಂಬ ವಾದಕ್ಕೆ ಕಾರಣವಿದೆ. 2023ರಲ್ಲಿ ಬಂದ ಗ್ರಾಫ್ (ರಾಫ್‌ನ ಗ್ನೂ ರೂಪ) 1.23.0 ಮ್ಯಾನ್ ಪೇಜ್‌ಗಳಲ್ಲಿ ಹೈಫನ್ ಮತ್ತು ಒಂಟಿ ಉದ್ಧರಣ ಚಿಹ್ನೆಗಳನ್ನು ಕೀಬೋರ್ಡ್ ಅಕ್ಷರಗಳಾಗಿ ಉಳಿಸುವ ಏರ್ಪಾಡನ್ನು ಕೈಬಿಟ್ಟಿತು; ಡೆಬಿಯನ್‌ನಂಥ ವಿತರಣೆಗಳು ಅದನ್ನು ತಮ್ಮ ಸ್ಥಳೀಯ ಸೆಟ್ಟಿಂಗ್‌ನಲ್ಲಿ ಉಳಿಸಿಕೊಂಡಿವೆ. ಹಾಗಾಗಿ ಬರೆದವರಿಗೆ ಕಾಣದ ದೋಷ ಓದುವವರಿಗೆ ಕಾಣುತ್ತದೆ. ಕೋಡ್‌ನಲ್ಲಿ ನೇರ ಒಂಟಿ ಉದ್ಧರಣ ಚಿಹ್ನೆಗೆ \(ಎಕ್ಯೂ, ^ ಚಿಹ್ನೆಗೆ \(ಎಚ್‌ಎ, ~ ಚಿಹ್ನೆಗೆ \(ಟಿಐ ಬಳಸಿ. ಈ ಜೋಡಿಯಕ್ಷರಗಳೆಲ್ಲ ಸಣ್ಣಕ್ಷರಗಳು.

ಈ ಬದಲಾವಣೆಗಳನ್ನು ಮಾಡುವ ಕ್ರಮ ಮುಖ್ಯ. ಓಡಿಸಿ ನೋಡಿದ ಕೋಡನ್ನು ಫೈಲಿಗೆ ಅಂಟಿಸಿ. ಮೊದಲು ಎಲ್ಲ ಬ್ಯಾಕ್‌ಸ್ಲ್ಯಾಶ್‌ಗಳನ್ನು \ಇ ಮಾಡಿ. ಆಮೇಲೆ ಹೈಫನ್‌ಗಳನ್ನು \- ಮಾಡಿ. ನಂತರ ಸಾಲಿನ ಮೊದಲ ಚುಕ್ಕಿಗಳ ಮುಂದೆ \& ಹಾಕಿ. ಬೋಲ್ಡ್ ಇಟಾಲಿಕ್ ಕಟ್ಟಕಡೆಗೆ. ಹೈಫನ್ ಮೊದಲು ಮಾಡಿ ಬ್ಯಾಕ್‌ಸ್ಲ್ಯಾಶ್ ಆಮೇಲೆ ಮಾಡಿದರೆ ನೀವೇ ಹಾಕಿದ \- ಕೆಟ್ಟು ಪುಟದಲ್ಲಿ ಬ್ಯಾಕ್‌ಸ್ಲ್ಯಾಶ್ ಸಮೇತ ಕಾಣುತ್ತದೆ. ಟ್ಯಾಬ್ ಬದಲು ಸ್ಪೇಸ್ ಬಳಸಿ, ಸಾಲು 70 ಅಕ್ಷರಗಳೊಳಗೆ ಇರಲಿ.

ಹಂತ 7: ಪರೀಕ್ಷೆ

ಇನ್‌ಸ್ಟಾಲ್ ಮಾಡದೆಯೇ ನೋಡಬಹುದು. ಫೈಲ್ ಹೆಸರಿನ ಮುಂದೆ ./ ಸೇರಿಸಿ ಮ್ಯಾನ್ ಕಮಾಂಡ್‌ಗೆ ಕೊಟ್ಟರೆ ಅದು ಸ್ಥಳೀಯ ಫೈಲನ್ನೇ ತೆರೆಯುತ್ತದೆ. ಆಮೇಲೆ ಗ್ರಾಫ್ ಅನ್ನು ಮ್ಯಾನ್ ಮ್ಯಾಕ್ರೊಗಳೊಂದಿಗೆ, ಎರಡು ಸಣ್ಣ ಡಬ್ಲ್ಯು ಇರುವ ಆಪ್ಷನ್ ಹಾಕಿ ಓಡಿಸಿ. ಗೊತ್ತಿಲ್ಲದ ಮ್ಯಾಕ್ರೊ ಬಂದಾಗ ಗ್ರಾಫ್ ಸಾಮಾನ್ಯವಾಗಿ ಸುಮ್ಮನಿರುತ್ತದೆ, ಈ ಆಪ್ಷನ್ ಕೊಟ್ಟಾಗ ಮಾತ್ರ ‘ಈ ಮ್ಯಾಕ್ರೊ ಇಲ್ಲ’ ಎಂದು ಸಾಲಿನ ಸಂಖ್ಯೆಯೊಂದಿಗೆ ಹೇಳುತ್ತದೆ. ಮ್ಯಾನ್‌ಡಾಕ್ ಎಂಬ ಇನ್ನೊಂದು ಫಾರ್ಮ್ಯಾಟರ್‌ನ ಲಿಂಟ್ (ದೋಷ ಹುಡುಕುವ) ಪರೀಕ್ಷೆಯನ್ನೂ ಮಾಡಿ; ಬಿಎಸ್‌ಡಿ ವ್ಯವಸ್ಥೆಗಳಲ್ಲಿ ಪುಟ ತೋರಿಸುವುದು ಹೆಚ್ಚಾಗಿ ಅದೇ. ಎರಡೂ ಸುಮ್ಮನಿದ್ದರೂ ಕೆಲಸ ಮುಗಿದಿಲ್ಲ. \" ಕಾಮೆಂಟ್ ಆಗಿ ಸಾಲು ಕಡಿಯುವಂಥ ದೋಷಗಳಲ್ಲಿ ರಾಫ್‌ನ ವ್ಯಾಕರಣ ಸರಿಯಾಗಿಯೇ ಇರುತ್ತದೆ, ಹಾಗಾಗಿ ಅವನ್ನು ಯಾವ ಸಾಧನವೂ ಖಚಿತವಾಗಿ ಹಿಡಿಯದು. ಪರದೆಯ ಮೇಲಿನ ಉದಾಹರಣೆಯನ್ನು ನಕಲು ಮಾಡಿ ಇಂಟರ್‌ಪ್ರಿಟರ್‌ನಲ್ಲಿ ಓಡಿಸುವುದೇ ನಂಬಬಹುದಾದ ಪರೀಕ್ಷೆ.

ಹಂತ 8: ಕಾಪಾಡಿಕೊಳ್ಳುವುದು

ಕೋಡ್ ಬದಲಾದ ಕಮಿಟ್‌ನಲ್ಲೇ ಪುಟವೂ ಬದಲಾಗಬೇಕು. ‘ಬಿಡುಗಡೆಗೆ ಮುಂಚೆ ಒಟ್ಟಿಗೆ ಬರೆಯೋಣ’ ಎಂದು ಮುಂದೂಡಿದ ಕೆಲಸ ಆಗುವುದಿಲ್ಲ.

ಪುಟ ಹಿಂದೆ ಬಿದ್ದಿದೆಯೇ ಎಂದು ತಿಳಿಯಲು ಕಮಾಂಡ್‌ನ ಎರರ್ ಸಂದೇಶವನ್ನೇ ಬಳಸಬಹುದು. ಸ್ಟ್ರಿಂಗ್ ಕಮಾಂಡ್‌ಗೆ ಇಲ್ಲದ ಉಪಕಮಾಂಡ್ ಕೊಟ್ಟರೆ, ಇರುವ ಎಲ್ಲ ಉಪಕಮಾಂಡ್‌ಗಳ ಪಟ್ಟಿಯನ್ನು ಅದೇ ಕೊಡುತ್ತದೆ. ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಎಲ್‌ಸಾರ್ಟ್‌ಗೆ ತಪ್ಪು ಆಪ್ಷನ್ ಮತ್ತು ಒಂದು ಖಾಲಿ ಪಟ್ಟಿ ಕೊಟ್ಟರೆ ಆಪ್ಷನ್‌ಗಳ ಪಟ್ಟಿ ಬರುತ್ತದೆ. ಆ ಪಟ್ಟಿಯನ್ನು ಪುಟದ .ಟಿಪಿ ಶೀರ್ಷಿಕೆಗಳ ಜೊತೆ ಹೋಲಿಸುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದು ಟೆಸ್ಟ್‌ಗಳ ಜೊತೆ ಸೇರಿಸಿ. ಯಾರಾದರೂ ಆಪ್ಷನ್ ಸೇರಿಸಿ ಪುಟ ಮರೆತರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ.

ಒಂದೇ ಪುಟ ಹಲವು ಕಮಾಂಡ್‌ಗಳನ್ನು ವಿವರಿಸುವಾಗ ಪುಟವನ್ನು ನಕಲು ಮಾಡಿ ಬೇರೆ ಬೇರೆ ಹೆಸರಿನಲ್ಲಿ ಇಡಬೇಡಿ, ಒಂದು ತಿದ್ದಿದಾಗ ಇನ್ನೊಂದು ಹಳೆಯದಾಗಿಯೇ ಉಳಿಯುತ್ತದೆ. ಸಿಂಬಾಲಿಕ್ ಲಿಂಕ್ ಮಾಡಿ, ಅಥವಾ ಇನ್ನೊಂದು ಫೈಲನ್ನು ಎಳೆದುಕೊಳ್ಳುವ, ಸಣ್ಣಕ್ಷರದ .ಎಸ್‌ಒ ಸಾಲೊಂದೇ ಇರುವ ಫೈಲ್ ಇಡಿ. ಅದರಲ್ಲಿ ಕೊಡುವ ದಾರಿ ಮ್ಯಾನ್ ಡೈರೆಕ್ಟರಿಯ ಬುಡದಿಂದ ಶುರುವಾಗಬೇಕು.

ಹೊಸದಾಗಿ ಸೇರಿದ ಭಾಗವನ್ನು ಟಿಸಿಎಲ್ ಪುಟಗಳಲ್ಲಿ .ವಿಎಸ್ ಮತ್ತು .ವಿಇ ನಡುವೆ ಇಡುತ್ತಾರೆ. ಅಂಚಿನಲ್ಲಿ ಒಂದು ನಿಲುಗೆರೆ ಬರುತ್ತದೆ. .ವಿಎಸ್ ಪಕ್ಕದಲ್ಲಿ ಬರೆಯುವ ಆವೃತ್ತಿ ಸಂಖ್ಯೆಯನ್ನು ಮ್ಯಾಕ್ರೊ ಓದುವುದಿಲ್ಲ. ಅದು ಇರುವುದು ನಿರ್ವಹಣೆ ಮಾಡುವವರಿಗಾಗಿ, ಹಳತಾದ ಗೆರೆಗಳನ್ನು ಹುಡುಕಿ ತೆಗೆಯಲು. ಪ್ರತಿ ದೊಡ್ಡ ಬಿಡುಗಡೆಯಲ್ಲೂ .ವಿಎಸ್ ಸಾಲುಗಳನ್ನು ಗ್ರೆಪ್ ಮಾಡಿ, ಎರಡು ಆವೃತ್ತಿಗಿಂತ ಹಳೆಯವನ್ನು ಅಳಿಸಿ. ಅಳಿಸುವಾಗ ಅದರ ಜೋಡಿಯಾದ .ವಿಇ ಕೂಡ ಹೋಗಿದೆಯೇ ಎಂದು ನೋಡಿಕೊಳ್ಳಿ.