ಮಡಿಕೇರಿ ಕಸ ಆಗತ್ತೆ, ಕುಶಾಲನಗರ ಕ್ರ್ಯಾಶ್ ಆಗತ್ತೆ

ಕಾಫಿ ತೋಟದ ಚೆಕ್‌ರೋಲ್ (ಕೆಲಸದವರ ಹಾಜರಿ, ಕೂಲಿ ಲೆಕ್ಕ) ಬರೆಯೋಕೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಒಂದು ಸಣ್ಣ ಸಾಫ್ಟ್‌ವೇರ್ ಮಾಡಿ ಇಲ್ಲಿ ಕೊಡಗಿನ ಕೆಲವು ತೋಟದ ಲೆಕ್ಕ ಬರೆಯೋ ರೈಟರ್‌ಗಳಿಗೆ ಕೊಡ್ತಾ ಇದೀನಿ. ನಂದು ಉಬುಂಟು (ಒಂದು ಬಗೆಯ ಲಿನಕ್ಸ್), ಅವರದೆಲ್ಲ ವಿಂಡೋಸ್. ತಾಲ್ಲೂಕು ಹೆಸರಿನ ಕನ್ನಡ ಫೈಲನ್ನ ಬಿಲ್ಡ್ ಟೈಮಲ್ಲಿ (ಪ್ಯಾಕೇಜ್ ಕಟ್ಟೋವಾಗ) ಓದಿ ಪ್ಯಾಕೇಜ್ ಒಳಗೆ ಸೇರಿಸ್ಬೇಕು, ಉಬುಂಟುಲಿ ಸಲೀಸು, ವಿಂಡೋಸ್‌ಲಿ ಎರರ್.

ಒಂದೊಂದೇ ಹೆಸರು ಬೇರೆ ಬೇರೆ ಫೈಲಿಗೆ ಹಾಕಿ ಓದ್ಸಿದೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಮೂರೂ ಎರರ್ ಇಲ್ದೆ ಓದತ್ತೆ, ಆದ್ರೆ ಬರೋದು ಬರೀ ಕಸ. ಕುಶಾಲನಗರ, ಪೊನ್ನಂಪೇಟೆ ಓದೋವಾಗ ಅಲ್ಲೇ ನಿಂತೋಗತ್ತೆ. ಯಾಕಂದ್ರೆ ಯುಟಿಎಫ್-8 ಅನ್ನೋ ಎನ್‌ಕೋಡಿಂಗಲ್ಲಿ (ಅಕ್ಷರನ ಬೈಟುಗಳಾಗಿ ಬರೆಯೋ ರೀತಿ) ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು, ಎನ್‌ಕೋಡಿಂಗ್ ಹೇಳ್ದೆ ಫೈಲ್ ಓಪನ್ ಮಾಡಿದ್ರೆ ಇಂಗ್ಲಿಷ್ ವಿಂಡೋಸ್‌ಲಿ ಪೈಥಾನ್ ಅದನ್ನ ವಿಂಡೋಸ್-1252 ಅನ್ನೋ ಹಳೇ ಅಕ್ಷರಪಟ್ಟಿ ಅಂದ್ಕೊಳತ್ತೆ, ಆ ಪಟ್ಟಿಲಿ ಐದು ಬೈಟಿಗೆ ಅಕ್ಷರನೇ ಇಲ್ಲ. ಉಕಾರದ ಕೊನೇ ಬೈಟು (ಹೆಕ್ಸ್ ಲೆಕ್ಕದಲ್ಲಿ) 81, ಒತ್ತಕ್ಷರ ಮಾಡೋ ಹಲಂತದ್ದು 8ಡಿ, ಎರಡೂ ಆ ಐದರೊಳಗೇ ಬರತ್ತೆ. ಒಂಟಿಯಾಗಿ ಬರೋ ಏ, ಐ ಸ್ವರಗಳೂ ಅಷ್ಟೇ, ಕೇ, ಪೇ ಥರ ವ್ಯಂಜನದ ಜೊತೆ ಬರೋ ಗುರುತಲ್ಲ. ನನ್ನ ಕೇಳಿದ್ರೆ ಕ್ರ್ಯಾಶ್ ಆಗೋದೇ ವಾಸಿ, ಕಸ ಸದ್ದಿಲ್ದೆ ಪ್ಯಾಕೇಜ್ ಒಳಗೆ ಹೋಗಿ ಕೂತ್ಕೊಂಡ್ರೆ ಸಂಬಳದ ಚೀಟಿ ಪ್ರಿಂಟ್ ಆಗೋವರೆಗೂ ಯಾರಿಗೂ ಗೊತ್ತಾಗಲ್ಲ.

ಲಿನಕ್ಸ್ ಈ ತೊಂದ್ರೆನ ಮುಚ್ಚಿಡತ್ತೆ. ಕಂಟೈನರಲ್ಲಿ (ಬಿಲ್ಡ್ ಓಡಿಸೋ ಪ್ರತ್ಯೇಕ ಚಿಕ್ಕ ಲಿನಕ್ಸ್ ಜಾಗ) ಲೊಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್) ಸೆಟ್ ಮಾಡ್ದೇ ಇದ್ರೂ ಪೈಥಾನ್ 3.7ರಿಂದ ಈಚೆಗೆ ಯುಟಿಎಫ್-8ನ್ನೇ ತಗೊಳತ್ತೆ.

ಟರ್ಮಿನಲಲ್ಲಿ chcp ಕಮಾಂಡ್ ಕೊಟ್ಟು ಕೋಡ್ ಪೇಜ್ 65001 (ವಿಂಡೋಸ್‌ಲಿ ಯುಟಿಎಫ್-8ರ ನಂಬರು) ಮಾಡು ಅಂತ ಸುಮಾರು ಜನ ಹೇಳಿದ್ರು, ಅದು ಟರ್ಮಿನಲ್ ವಿಂಡೋಗೆ ಮಾತ್ರ, ಫೈಲ್ ಓದೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಪೈಥಾನಿನ ಯುಟಿಎಫ್-8 ಮೋಡ್ ಆನ್ ಮಾಡಿದ್ರೆ ನನ್ನ ಬಿಲ್ಡ್ ಏನೋ ಆಗತ್ತೆ, ಆದ್ರೆ ಅದೇ ಕೋಡು ನಾಳೆ ರೈಟರ್ ಕಂಪ್ಯೂಟರಲ್ಲಿ ಫೈಲ್ ಓದ್ಬೇಕಲ್ಲ, ಅಲ್ಲಿ ಯಾರು ಆನ್ ಮಾಡ್ತಾರೆ? ಅದಕ್ಕೆ ಫೈಲ್ ಓಪನ್ ಮಾಡೋ ಪ್ರತಿ ಲೈನಲ್ಲೂ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆದೆ. ಎಲ್ಲೆಲ್ಲಿ ಬಿಟ್ಟೋಗಿದೆ ಅಂತ ಹುಡುಕೋಕೆ 3.10ರಲ್ಲಿ ಬಂದಿರೋ ಎನ್‌ಕೋಡಿಂಗ್ ವಾರ್ನಿಂಗ್ ಆಪ್ಷನ್ ಆನ್ ಮಾಡಿ ಬಿಲ್ಡ್ ಓಡಿಸ್ತೀನಿ, ಬೇರೆಯವರ ಲೈಬ್ರರಿದೂ ಸೇರಿ ಸಾಲಾಗಿ ತೋರ್ಸತ್ತೆ.

ಲಿನಕ್ಸ್ ಬಿಲ್ಡ್ ಸ್ಕ್ರಿಪ್ಟಲ್ಲಿ ಫೈಲ್ ಪಟ್ಟಿ ಸಾರ್ಟ್ ಮಾಡೋ ಜಾಗದಲ್ಲಿ ಮಾತ್ರ ಲೊಕೇಲ್ ಸಿ (ಬರೀ ಬೈಟ್ ಕ್ರಮ) ಅಂತ ಫಿಕ್ಸ್ ಮಾಡಿದೀನಿ, ಇಲ್ದಿದ್ರೆ ಮೆಷಿನ್‌ಗೊಂದು ಆರ್ಡರ್ ಬಂದು ಚೆಕ್‌ಸಮ್ (ಪ್ಯಾಕೇಜ್ ಅದೇನಾ ಅಂತ ತಾಳೆ ನೋಡೋ ನಂಬರು) ಬದಲಾಗತ್ತೆ.

ನುಡಿ ಫಾಂಟಲ್ಲಿ ಟೈಪ್ ಮಾಡಿರೋ ಹಳೇ ಫೈಲ್‌ಗಳಿಗೆ ಇದ್ಯಾವುದೂ ನಡಿಯಲ್ಲ, ಅಲ್ಲಿರೋದು ಕನ್ನಡ ಅಕ್ಷರನೇ ಅಲ್ಲ, ಇಂಗ್ಲಿಷ್ ಕೋಡಿಗೆ ಕನ್ನಡ ಆಕಾರ ಹಾಕಿರೋದು. ಅವನ್ನ ಮೊದ್ಲು ಕನ್ವರ್ಟರಲ್ಲಿ ಯುನಿಕೋಡ್ ಮಾಡಿ, ಕಣ್ಣಲ್ಲಿ ಒಂದ್ಸಲ ಓದಿ, ಆಮೇಲೇ ಪ್ಯಾಕೇಜಿಗೆ ಸೇರ್ಸೋದು.